ಸೈಕಾಲಜಿ ಮೇಷ್ಟ್ರು ಮಾಡದೆ ಬಿಟ್ಟ ಪಾಠ

ನಮ್ಮ ಸೈಕಾಲಜಿ ಮೇಷ್ಟ್ರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ನಾನು ಓದಿದ ಪಿಯು ಕಾಲೇಜಿನ ಕಾಂಪೌಂಡಿಗೆ ಅಂಟಿಕೊಂಡಂತೆ ಪವರ್‌ಲೂಮ್ ಶೆಡ್ಡುಗಳಿದ್ದವು. ಬೆಳಿಗ್ಗೆ ಶುರುವಾದ ಮಗ್ಗದ ಸದ್ದು ನಾವು ಮನೆಗೆ ಹೊರಡುವವರೆಗೂ ನಿಲ್ಲುತ್ತಿರಲಿಲ್ಲ. ಬೇರೆ ಲೆಕ್ಚರರ್‌ಗಳು ಕಿಟಕಿ ಹಾಕಿಸಿ, ಬೆವರು ಒರೆಸಿಕೊಳ್ಳುತ್ತ ಪಾಠ ಮಾಡುತ್ತಿದ್ದರು. ಇವರು ಕಿಟಕಿ ತೆರೆದೇ ಇಟ್ಟು, ಮಗ್ಗದ ಮೇಲೆ ಪಂಥ ಕಟ್ಟಿದವರಂತೆ ಕೂಗುತ್ತಿದ್ದರು. ಒಂದು ದಿನ ವ್ಯಕ್ತಿತ್ವದ ಪಾಠ ಮಾಡುತ್ತ, "ನಂಗೆ ಯಾರೂ ಬೇಡ, ಒಬ್ನೇ ಇರ್ತೀನಿ ಅನ್ನೋನು ಅಂತರ್ಮುಖಿ!" ಎಂದು ಗಂಟಲು ಹರಿಯುವಂತೆ ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಇಡೀ ಬೀದಿಗೆ ಅವರ ದನಿಯೊಂದೇ ಕೇಳಿಸಿತು. ಆಚೆ ಸೊಪ್ಪು ಮಾರುತ್ತಿದ್ದ ಮುದುಕಿ ಕಿಟಕಿಯ ಹತ್ತಿರ ಬಂದು, "ಯಾರ್ ಸಾಮಿ ಬ್ಯಾಡ ಅಂದಿದ್ದು, ಯಾಕಂತೆ?" ಎಂದು ಕೇಳಿದಳು. ನಾವು ನಕ್ಕು ನಕ್ಕು ಬೆಂಚಿನ ಮೇಲೆ ಬಿದ್ದೆವು. ಅವರೂ ನಕ್ಕರು. ಆಮೇಲೆ ಕರೆಂಟ್ ಬರುವವರೆಗೆ ಮಾತಾಡಿದ ದನಿ ಬೇರೆಯೇ ಇತ್ತು. ತೆಳ್ಳಗಿತ್ತು, ಸ್ವಲ್ಪ ನಾಚಿಕೆಯದಾಗಿತ್ತು. ಇಷ್ಟು ಮೆತ್ತನೆಯ ಮನುಷ್ಯ ಅಷ್ಟು ಜೋರಾಗಿ ಹೇಗೆ ಕೂಗುತ್ತಾರೆ ಎಂದು ನನಗೆ ಆಶ್ಚರ್ಯವಾಗಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ರಿಟೈರ್ ಆಗಲು ಇನ್ನೂ ಕೆಲವು ವರ್ಷ ಇತ್ತು. ಕಾಲೇಜಿಗೆಂದು ಹೊರಟು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದವರು ಅಲ್ಲೇ ಕುಸಿದರಂತೆ. ನಮ್ಮ ಹಳೆಯ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಪವಿತ್ರಾ ಮಾತ್ರ ಏನನ್ನೂ ಹಾಕದೆ ನನಗೆ ಫೋನ್ ಮಾಡಿದಳು. ಪಿಯುಸಿಯ ಎರಡೂ ವರ್ಷ ನನ್ನ ಪಕ್ಕದಲ್ಲಿ ಕೂತವಳು ಅವಳು. ಈಗ ದೇವನಹಳ್ಳಿಯ ಹತ್ತಿರ ಒಂದು ಗೋಡೌನಿನಲ್ಲಿ ಕೆಲಸ ಮಾಡುತ್ತಾಳೆ.

"ಲೇ, ಆಂಟಿ ಗತಿ ಏನೇ ಈಗ?" ಅಂದಳು.

ಮೇಷ್ಟ್ರ ಹೆಂಡತಿಯ ಬಗ್ಗೆ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಮೇಷ್ಟ್ರು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯವರು. ಬೇಸಾಯದ ಮನೆತನ. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದರು, ಇವರು ಓದಿ ಕೆಲಸಕ್ಕೆ ಸೇರಿ ನಮ್ಮೂರಿಗೆ ಬಂದಿದ್ದರು. ಎತ್ತರದ ಆಳು. ಕುರ್ಚಿಯಲ್ಲಿ ಕೂರುವಾಗ ಎಲ್ಲಿ ಮುರಿದೀತೋ ಎಂಬಂತೆ ಅಂಚಿನಲ್ಲಿ ಕೂರುತ್ತಿದ್ದರು. ಚೀಟಿಯಿಂದ ಹಿಡಿದು ಸೀಮೆಸುಣ್ಣದವರೆಗೆ ಏನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳುವರು. ಹುಡುಗಿಯರನ್ನು "ಏನ್ರಮ್ಮ" ಎಂದೇ ಕರೆಯುತ್ತಿದ್ದರು. ಯಾರನ್ನೂ ದಡ್ಡಿ ಎಂದದ್ದು ನೆನಪಿಲ್ಲ. ಬುದ್ಧಿಶಕ್ತಿಯ ಪಾಠ ಮಾಡಿದ ದಿನ ನಾನು, "ಸಾರ್, ನಂದು ಎಷ್ಟಿರ್ಬೋದು?" ಎಂದು ಕೇಳಿದ್ದೆ. "ಅದನ್ನ ಅಳೆಯೋ ಪರೀಕ್ಷೆ ಕಾಲೇಜಲ್ಲಿದೆ ಕಣಮ್ಮ, ಆದ್ರೆ ಅದರ ಅರ್ಧ ಚೀಟಿ ಇಲಿ ತಿಂದಿದೆ. ಈಗ ಅಳೆದ್ರೆ ನಿಂದೂ ಅರ್ಧವೇ ಬರುತ್ತೆ. ಬಿಡು," ಅಂದರು.

ಕಾಲೇಜಿನ ಸೈಕಾಲಜಿ ಲ್ಯಾಬ್ ಎಂದರೆ ಒಂದು ಬೀರು, ಅದರೊಳಗೆ ಕೆಲವು ಹಳೆಯ ಡಬ್ಬಿಗಳು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಎಳೆಯುವ ಒಂದು ಪ್ರಯೋಗವಿದೆ. ನಮ್ಮ ಲ್ಯಾಬಿನ ಕನ್ನಡಿ ಒಡೆದು ಹೋಗಿತ್ತು. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಅವರು ಮನೆಯಿಂದ ಒಂದು ಕನ್ನಡಿಯನ್ನು ಟವಲಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ತಂದರು. ಅದರ ಅಂಚಿನ ತುಂಬ ಹಣೆಬೊಟ್ಟಿನ ಸ್ಟಿಕ್ಕರ್‌ಗಳು ಅಂಟಿದ್ದವು. ಎಲ್ಲ ಹಳೆಯವು, ಧೂಳು ಕೂತು ಬಣ್ಣ ಹೋದವು.

"ಸಾರ್, ಮನೇಲಿ ಮೇಡಂ ಬೈಯಲ್ವಾ?" ಎಂದು ಪವಿತ್ರಾ ಕೀಟಲೆ ಮಾಡಿದಳು.

"ಅವಳೀಗ ಕನ್ನಡಿ ನೋಡಲ್ಲ ಕಣಮ್ಮ," ಎಂದರು.

ನಾವು ಅದನ್ನು ತಮಾಷೆಯೆಂದುಕೊಂಡು ನಕ್ಕೆವು. ಅವರು ಟವಲನ್ನು ನೀಟಾಗಿ ಮಡಿಸಿ ಜೇಬಿನಲ್ಲಿ ತುರುಕಲು ನೋಡಿ, ಆಗದೆ ಹೆಗಲ ಮೇಲೆ ಹಾಕಿಕೊಂಡರು.

ನಮ್ಮಲ್ಲಿ ಸೈಕಾಲಜಿ ತಗೊಂಡ ಹುಡುಗಿಯರು ಬೆರಳೆಣಿಕೆಯಷ್ಟು. ಅದರಲ್ಲಿ ನನಗೂ ಪವಿತ್ರಾಗೂ ಭಯ ಹೆಚ್ಚು. ಅರ್ಧವಾರ್ಷಿಕದಲ್ಲಿ ಇಬ್ಬರೂ ಅದೇ ಸಬ್ಜೆಕ್ಟಿನಲ್ಲಿ ಡುಮ್ಕಿ ಹೊಡೆದಿದ್ದೆವು. ನಮ್ಮಪ್ಪ ಮಗ್ಗದ ಕೆಲಸದವರು. ಬೈಯುವ ಪೈಕಿಯಲ್ಲ. "ಫೇಲಾದ್ರೆ ಬೇಜಾರ್ ಮಾಡ್ಕೋಬೇಡ ಕಣವ್ವ, ಶೆಡ್ಡಲ್ಲಿ ನೂಲು ಸುತ್ತಕ್ಕೆ ಆಳು ಬೇಕಂತೆ, ಮಾತಾಡಿದೀನಿ," ಎಂದಿದ್ದರು. ಅವರು ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಮಾತ್ರ ಅದು ಯಾವ ಬೈಗುಳಕ್ಕಿಂತಲೂ ಹೆಚ್ಚಿನ ಹೆದರಿಕೆ ಹುಟ್ಟಿಸಿತ್ತು.

ಪರೀಕ್ಷೆಗೆ ರಜೆ ಬಿಟ್ಟ ಮೇಲೆ ಪುಸ್ತಕ ತೆಗೆದರೆ ಎಲ್ಲ ಓದಿದಂತೆಯೂ ಇರುತ್ತಿತ್ತು, ಏನೂ ಓದದಂತೆಯೂ ಇರುತ್ತಿತ್ತು. ನೆನಪಿಟ್ಟುಕೊಳ್ಳಬೇಕಾದ ವಿದೇಶಿ ಹೆಸರುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಇಬ್ಬರೂ ಮೇಷ್ಟ್ರಿಗೆ ಫೋನ್ ಮಾಡಿ ಮನೆಗೆ ಬರುತ್ತೇವೆ ಎಂದೆವು. ಅವರು, "ಬೆಳಿಗ್ಗೆ ಹೊತ್ತೇ ಬರ್ರಮ್ಮ. ಮೆಟ್ಲು ಹತ್ತುವಾಗ ಸದ್ದು ಮಾಡ್ಬೇಡಿ," ಎಂದರು.

ಆ ಮಾತು ನಮಗೆ ವಿಚಿತ್ರವೆನಿಸಿತು. ಅವರ ಬಾಡಿಗೆ ಮನೆ ಇದ್ದದ್ದೇ ಒಂದು ಪವರ್‌ಲೂಮ್ ಶೆಡ್ಡಿನ ಮೇಲೆ. ಕೆಳಗೆ ಮಗ್ಗ ಓಡಿದರೆ ಮೇಲೆ ನೆಲ ಅದುರುತ್ತಿತ್ತು. ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳೇಳುತ್ತಿದ್ದವು. ಅಷ್ಟು ಸದ್ದಿನಲ್ಲಿ ನಮ್ಮ ಚಪ್ಪಲಿಯ ಸದ್ದು ಯಾರಿಗೆ ಕೇಳೀತು?

ಹೊರಗಿನ ವರಾಂಡದಲ್ಲಿ ಚಾಪೆ ಹಾಸಿ ಕೂರಿಸಿದರು. ತಾವೇ ಟೀ ಮಾಡಿ ತಂದರು. ಮೇಡಂ ಊರಿಗೆ ಹೋಗಿರಬೇಕು ಎಂದುಕೊಂಡೆವು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಮೇಷ್ಟ್ರು ಕೂತ ಜಾಗದಿಂದ ಆ ಬಾಗಿಲು ಕಾಣುತ್ತಿತ್ತು, ಅವರ ಒಂದು ಕಣ್ಣು ಅಲ್ಲೇ ಇರುತ್ತಿತ್ತು. ಆದರೂ ಪಾಠ ಚೆನ್ನಾಗಿ ನಡೆಯಿತು. ಒತ್ತಡ ಎಂದರೇನು, ಅದನ್ನು ನಿಭಾಯಿಸುವುದು ಹೇಗೆ ಎಂಬುದನ್ನು ಹೇಳಿಕೊಡುವಾಗ, "ಈಗ ನಿಮ್ಮಿಬ್ರಿಗೂ ಆಗ್ತಿದೆಯಲ್ಲ, ಅದನ್ನೇ ಬರೀರಿ, ಸಾಕು," ಎಂದು ನಗಿಸಿದರು. ದಿನವೂ ಹೋಗತೊಡಗಿದೆವು. ನನಗೆ ಒಂದಿಷ್ಟು ಧೈರ್ಯ ಬಂತು.

ಆದರೆ ಒಂದು ಪಾಠವನ್ನು ಅವರು ವರ್ಷವಿಡೀ ಮುಟ್ಟಿರಲಿಲ್ಲ. ಮಾನಸಿಕ ಅಸ್ವಸ್ಥತೆಗಳ ಪಾಠ. ಕ್ಲಾಸಿನಲ್ಲಿ ಕೇಳಿದಾಗೆಲ್ಲ, "ಅದು ಸುಲಭ, ನೀವೇ ಓದ್ಕೊಳ್ಳಿ," ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ದೊಡ್ಡ ಪ್ರಶ್ನೆ ಬರುವುದೇ ಅಲ್ಲಿಂದ. ನಾವು ಓದಿಯೂ ನೋಡಿದ್ದೆವು. ಎಲ್ಲ ರೋಗವೂ ಒಂದೇ ಥರ ಕಾಣುತ್ತಿತ್ತು.

ಪರೀಕ್ಷೆ ಹತ್ತಿರವಾದ ಒಂದು ಬೆಳಿಗ್ಗೆ ಪವಿತ್ರಾ ಹಟ ಹಿಡಿದಳು. "ಸಾರ್, ಅದೊಂದು ಹೇಳ್ಕೊಟ್ಬಿಡಿ ಸಾರ್. ಖಿನ್ನತೆ ಅಂದ್ರೇನು, ಲಕ್ಷಣ ಏನು ಅಂತ ಕೇಳಿದ್ರೆ ಏನ್ ಬರೆಯೋದು?"

"ಪುಸ್ತಕದಲ್ಲಿ ಇದೆಯಲ್ಲಮ್ಮ."

"ಓದಿದ್ರೆ ತಲೆಗೆ ಹೋಗಲ್ಲ ಸಾರ್. ನೀವು ಹೇಳಿದ್ರೆ ಹೋಗುತ್ತೆ."

"ನಾಳೆ ನೋಡಣ."

"ಯಾವತ್ತೂ ನಾಳೆ ಅಂತೀರ. ಹತ್ತು ಮಾರ್ಕ್ಸು ಸಾರ್. ಅದು ಹೋದ್ರೆ ನಾವು ಪಾಸಾಗಲ್ಲ."

ಅವರು ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಹೇಳ್ಕೊಡಿ ಅವ್ರಿಗೆ."

ನಾವಿಬ್ಬರೂ ಬೆಚ್ಚಿದೆವು. ಇಷ್ಟು ದಿನ ಬಂದು ಹೋಗಿದ್ದೆವು, ಒಳಗೆ ಒಬ್ಬರಿದ್ದಾರೆ ಎಂದೇ ತಿಳಿದಿರಲಿಲ್ಲ. ಬಾಗಿಲು ತೆರೆದು ಒಬ್ಬ ಹೆಂಗಸು ಬಂದು ನಿಂತರು. ನೈಟಿಯ ಮೇಲೆ ಟವಲು ಹೊದ್ದಿದ್ದರು. ತಲೆ ಬಾಚಿ ಎಷ್ಟೋ ದಿನವಾಗಿತ್ತು. ಮುಖ ಚೆಲುವಾದದ್ದೇ, ಆದರೆ ಅದರಲ್ಲಿ ಯಾರೂ ವಾಸವಿಲ್ಲದಂತಿತ್ತು. ಗೋಡೆ ಹಿಡಿದುಕೊಂಡು ಬಂದು ನಮ್ಮ ಚಾಪೆಯ ತುದಿಯಲ್ಲಿ ಕೂತರು.

"ಯಾಕ್ ಎದ್ದು ಬಂದೆ ಅಮ್ಮಣ್ಣಿ," ಎಂದರು ಮೇಷ್ಟ್ರು. ಹೆಂಡತಿಯನ್ನು ಹಾಗೆ ಕರೆಯುವುದನ್ನು ನಾನು ಮೊದಲು ಕೇಳಿದ್ದು ಅಲ್ಲೇ. ನಮ್ಮ ಕಡೆ ಅಮ್ಮಣ್ಣಿ ಎಂದು ಮುದ್ದಿನ ಹೆಣ್ಣುಮಕ್ಕಳನ್ನು ಕರೆಯುತ್ತಾರೆ.

"ನಾನಿದೀನಿ ಅಂತ ತಾನೆ ನೀವು ಹೇಳ್ಕೊಡ್ತಿಲ್ಲ. ಪಾಪ, ಆ ಮಕ್ಳು ಫೇಲಾಗ್ಬೇಕಾ? ನನ್ ಮುಂದೇನೇ ಹೇಳಿ."

ಮೇಷ್ಟ್ರು ಪುಸ್ತಕ ತೆರೆದರು. ಎಂದೂ ಪುಸ್ತಕ ನೋಡಿ ಪಾಠ ಮಾಡಿದವರಲ್ಲ, ಅವತ್ತು ಒಂದೊಂದೇ ಸಾಲು ಓದಿದರು. ಆಸಕ್ತಿ ಕುಂದುವುದು. ಹಸಿವು, ನಿದ್ರೆಗಳಲ್ಲಿ ಏರುಪೇರು. ಯಾವಾಗಲೂ ದಣಿವು. ತಾನು ಯಾವುದಕ್ಕೂ ಬಾರದವನು ಎಂಬ ಭಾವನೆ. ಕೆಳಗೆ ಮಗ್ಗ ಓಡುತ್ತಿತ್ತು, ಅವರು ಕೂಗುತ್ತಿರಲಿಲ್ಲ, ಅರ್ಧ ಮಾತು ನಮಗೆ ಕೇಳುತ್ತಿರಲಿಲ್ಲ. ಇನ್ನೊಮ್ಮೆ ಹೇಳಿ ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಪವಿತ್ರಾ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು. ಬರೆಯುವುದು ನಿಲ್ಲಿಸಿದರೆ ಎಲ್ಲಿ ನೋಡಬೇಕೆಂದು ತಿಳಿಯದೆ ನಾನೂ ಬರೆಯುತ್ತಿದ್ದೆ. ಆಂಟಿ ಕಣ್ಣು ಮಿಟುಕಿಸದೆ ಗಂಡನ ಬಾಯನ್ನೇ ನೋಡುತ್ತಿದ್ದರು.

"ವಾಸಿ ಆಗುತ್ತೆ ಅಂತ ಬರೆದಿದಾರಾ ಅದರಲ್ಲಿ?" ಎಂದು ನಡುವೆ ಕೇಳಿದರು.

"ಬರೆದಿದಾರೆ. ಚಿಕಿತ್ಸೆ ಕೊಟ್ರೆ ಬಹಳ ಜನಕ್ಕೆ ವಾಸಿ ಆಗುತ್ತೆ ಅಂತ."

"ಆ ಬಹಳ ಜನದಲ್ಲಿ ನಾನಿದೀನಾ?"

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು. ಎಷ್ಟೋ ವರ್ಷ ಇದೇ ವಿಷಯ ಓದಿ, ಇದೇ ವಿಷಯ ಪಾಠ ಮಾಡಿದವರು. ಇರುತ್ತೀಯ ಎಂದು ಒಂದು ಮಾತು ಹೇಳಿಬಿಡಬಾರದೇ ಎಂದು ನನಗೆ ಅನಿಸಿತು. ಸುಳ್ಳಾದರೂ ಸರಿ.

"ಗೊತ್ತಿಲ್ಲ ಅಮ್ಮಣ್ಣಿ," ಎಂದರು. "ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ವಾ ನಿಂಗೆ."

ಆಂಟಿ ಹೂಂ ಎಂದರು. ಆ ಉತ್ತರದಿಂದ ಅವರಿಗೆ ನೋವಾದಂತೆ ಕಾಣಲಿಲ್ಲ. "ಟೀ ಕೊಟ್ರಾ ಮಕ್ಳಿಗೆ?" ಎಂದು ಕೇಳಿ, ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮೇಷ್ಟ್ರು ಉಳಿದ ಪಾಠ ಮುಗಿಸಿದರು. ಹೊರಡುವಾಗ ಮೆಟ್ಟಿಲವರೆಗೆ ಬಂದು, "ಯಾಕೆ ಹಿಂಗಾಯ್ತು ಅಂತ ಎಲ್ರೂ ಕೇಳ್ತಾರಮ್ಮ. ಮಕ್ಳಾಗ್ಲಿಲ್ಲ ಅಂತಾನಾ, ಅತ್ತೆ ಮನೇಲಿ ಏನಾದ್ರೂ ಅಂದ್ರಾ ಅಂತ. ಏನೂ ಇಲ್ಲ. ಒಂದಿನ ಬಂತು, ಅಷ್ಟೆ," ಎಂದರು. ನಾವು ಕೇಳಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿರಬೇಕು. ಹೇಳಲು ಅವತ್ತು ಸಿಕ್ಕಿದ್ದು ಪುಸ್ತಕ ಅವುಚಿಕೊಂಡ ಇಬ್ಬರು ಹುಡುಗಿಯರು.

ಪರೀಕ್ಷೆಯ ಹಿಂದಿನ ದಿನ ಕೊನೆಯ ಪಾಠ ಉಳಿದಿತ್ತು. ಚಿಕಿತ್ಸಾ ವಿಧಾನಗಳದ್ದು. ಬೆಳಿಗ್ಗೆ ಹೋದರೆ ಮನೆಗೆ ಬೀಗ. ಕೆಳಗಿನ ಶೆಡ್ಡಿನ ಯಜಮಾನರು, ನಮ್ಮಪ್ಪನ ಪರಿಚಯದವರೇ, ಬಾಗಿಲಿಗೆ ಬಂದು ಹೇಳಿದರು: "ಮೇಷ್ಟ್ರು ಬೆಳಿಗ್ಗೇನೇ ಆಯಮ್ಮನ್ನ ಆಟೋದಲ್ಲಿ ಕೂರಿಸ್ಕೊಂಡು ಬೆಂಗ್ಳೂರ್ ಆಸ್ಪತ್ರೆಗೆ ಹೋದ್ರು ಕಣವ್ವ. ನೀರು ಕುಡಿಯೋದೂ ಬಿಟ್ಬಿಟ್ಟಿದ್ರಂತೆ."

ನಾವು ಮೆಟ್ಟಿಲ ಮೇಲೆ ಕೂತೆವು. ಎದ್ದು ಹೋಗಬೇಕೆಂದು ಗೊತ್ತಿತ್ತು, ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಪುಸ್ತಕ ತೆಗೆದರೆ ಅಕ್ಷರ ಕಾಣುತ್ತಿರಲಿಲ್ಲ. ಪವಿತ್ರಾ ಅಳಲು ಶುರು ಮಾಡಿದಳು. "ನಾನು ಅವತ್ತು ಹಟ ಮಾಡ್ಬಾರ್ದಾಗಿತ್ತು ಕಣೇ," ಎಂದಳು. "ಅದಕ್ಕೂ ಇದಕ್ಕೂ ಏನ್ ಸಂಬಂಧ," ಎಂದೆ. ಸಂಬಂಧ ಇದೆಯೋ ಇಲ್ಲವೋ ನನಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಮೇಷ್ಟ್ರು.

"ಮನೆ ಹತ್ರ ಬಂದಿದೀರೇನ್ರಮ್ಮ? ಹೇಳಕ್ಕಾಗ್ಲಿಲ್ಲ ನಿಮ್ಗೆ. ಈಗ ಇಲ್ಲಿ ಕಾಯಿ ಅಂದಿದಾರೆ. ಪುಸ್ತಕ ತೆಗೀರಿ, ಫೋನಲ್ಲೇ ಹೇಳ್ಬಿಡ್ತೀನಿ."

"ಬೇಡ ಸಾರ್, ನೀವು ಆಂಟೀನ ನೋಡ್ಕೊಳ್ಳಿ ಸಾರ್."

"ನೋಡ್ಕೊಳ್ಳೋಕೆ ಈಗ ನನ್ ಕೈಲಿ ಏನೂ ಇಲ್ಲ ಕಣಮ್ಮ," ಎಂದರು. "ಇದೊಂದು ಇದೆ. ತೆಗೀರಿ."

ಸ್ಪೀಕರಿಗೆ ಹಾಕಿದರೂ ಮಗ್ಗದ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಫೋನನ್ನು ಇಬ್ಬರ ಕಿವಿಗೂ ಒತ್ತಿಕೊಳ್ಳಲು ನೋಡಿದೆವು. ಬಾಗಿಲಲ್ಲೇ ನಿಂತಿದ್ದ ಯಜಮಾನರು ನಮ್ಮ ಪಾಡು ನೋಡಿ ಒಳಗೆ ಹೋದರು. ಒಂದೊಂದಾಗಿ ಮಗ್ಗಗಳು ನಿಂತವು. ಹಬ್ಬಕ್ಕೂ ಮಗ್ಗ ನಿಲ್ಲಿಸದ ಮನುಷ್ಯ. ಕೆಲಸದವರು ಆಚೆ ಬಂದು ಬೀಡಿ ಹಚ್ಚಿದರು. ಬೀದಿ ಇದ್ದಕ್ಕಿದ್ದಂತೆ ಖಾಲಿಯಾದ ಹಾಗಾಯಿತು.

ಮೇಷ್ಟ್ರು ಆಸ್ಪತ್ರೆಯ ಕಾರಿಡಾರಿನಿಂದ ಪಾಠ ಮಾಡಿದರು. ಹಿಂದೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು, ಮಗುವೊಂದು ಅಳುತ್ತಿತ್ತು. ರೋಗಿಗೂ ಚಿಕಿತ್ಸಕನಿಗೂ ನಡುವೆ ನಂಬಿಕೆ ಇರಬೇಕು, ಅದು ಮೊದಲನೇ ಪಾಯಿಂಟು, ಬರ್ಕೊಳ್ಳಿ ಎಂದರು. ಬರೆದುಕೊಂಡೆವು. ಎರಡನೆಯದಕ್ಕೆ ಬರುವಷ್ಟರಲ್ಲಿ ಒಂದು ಹೆಣ್ಣು ದನಿ, "ಈ ಪೇಷೆಂಟ್ ಜೊತೆ ಯಾರಿದೀರಿ?" ಎಂದಿತು. "ಒಂದ್ನಿಮಿಷ ಇರ್ರಮ್ಮ," ಎಂದು ಅವರು ಫೋನನ್ನು ಕಟ್ ಮಾಡದೆಯೇ ಜೇಬಿಗೆ ಹಾಕಿಕೊಂಡರು.

ಆಮೇಲೆ ಕೇಳಿದ್ದನ್ನು ನಾವು ಕೇಳಬಾರದಿತ್ತು.

"ಅಮ್ಮಣ್ಣಿ, ಒಂದ್ ಗುಟುಕು. ಒಂದೇ ಒಂದು. ಬಾಯ್ ತೆಗಿ. ನಿನ್ ದಮ್ಮಯ್ಯ ಅಂತೀನಿ. ಇಲ್ನೋಡು, ನನ್ನ ನೋಡು. ನಾನೇನ್ ಮಾಡ್ಲಿ ಹೇಳು. ನೀನು ಏನ್ ಹೇಳಿದ್ರೂ ಮಾಡ್ತೀನಿ, ಹೇಳಾದ್ರೂ ಹೇಳು."

ಬಟ್ಟೆಗೆ ಫೋನ್ ಉಜ್ಜುವ ಸದ್ದು. ಲೋಟ ಉರುಳಿದ ಸದ್ದು. ಮತ್ತೆ ಅದೇ ಮಾತು, ಮೊದಲಿನಿಂದ. ಕೂಗಿ ಕೂಗಿ ಮಗ್ಗವನ್ನೇ ಗೆಲ್ಲುತ್ತಿದ್ದ ಮನುಷ್ಯನ ದನಿ ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರ ನಡುವೆ ಬಿದ್ದಿತ್ತು. ಕಟ್ ಮಾಡಿದರೆ ಅವರಿಗೆ ತಿಳಿಯುತ್ತದೆ, ಮಾಡದಿದ್ದರೆ ಕೇಳುತ್ತಿರಬೇಕು. ಬೀಡಿ ಸೇದುತ್ತಿದ್ದವರೂ ತಲೆ ತಗ್ಗಿಸಿದರು. ಕೊನೆಗೆ ಪವಿತ್ರಾ ಕೈ ಚಾಚಿ ಕೆಂಪು ಗುಂಡಿ ಒತ್ತಿದಳು.

ಎಷ್ಟು ಹೊತ್ತಾಯಿತೋ, ಮತ್ತೆ ಅವರೇ ಮಾಡಿದರು. "ಲೈನ್ ಕಟ್ಟಾಯ್ತು ಅನ್ಸುತ್ತೆ. ಎಲ್ಲಿದ್ವಿ? ಎರಡನೇ ಪಾಯಿಂಟಲ್ವಾ?" ಪಾಠ ಪೂರ್ತಿ ಮುಗಿಸಿದರು. "ನಾಳೆ ಗೇಟ್ ಹತ್ರ ಬರಕ್ಕಾಗಲ್ಲ ನಂಗೆ. ಹೊಟ್ಟೆ ತುಂಬ ತಿಂದ್ಕೊಂಡು ಹೋಗ್ರಮ್ಮ," ಎಂದರು. ನಾವು ಹೂಂ ಸಾರ್, ಹೂಂ ಸಾರ್ ಎನ್ನುವುದೊಂದನ್ನೇ ಮಾಡಿದ್ದು. ಆಂಟಿ ನೀರು ಕುಡಿದರಾ ಎಂದು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಮಾರನೆಯ ದಿನ ಪ್ರಶ್ನೆಪತ್ರಿಕೆಯಲ್ಲಿ ಆ ಹತ್ತು ಅಂಕದ ಪ್ರಶ್ನೆ ಬಂದೇ ಬಂತು. ಖಿನ್ನತೆಯ ಲಕ್ಷಣಗಳನ್ನು ವಿವರಿಸಿ. ನನಗೆ ಎಲ್ಲ ಗೊತ್ತಿತ್ತು. ಪೆನ್ನು ಹಿಡಿದರೆ ಚಾಪೆಯ ತುದಿಯಲ್ಲಿ ಕೂತವರ ಮುಖವೇ ಕಣ್ಣ ಮುಂದೆ. ಅವರ ಮೈಯನ್ನು ನಾನು ಪಾಯಿಂಟು ಪಾಯಿಂಟಾಗಿ ಬಿಡಿಸಿಡುತ್ತಿದ್ದೇನೆ ಅನಿಸಿತು. ಆಮೇಲೆ, ಬರೆಯದಿದ್ದರೆ ಅವರು ಎದ್ದು ಬಂದದ್ದು ಯಾತಕ್ಕೆ ಎನಿಸಿ ಬರೆದೆ. ಪವಿತ್ರಾ ಅದನ್ನು ಬರೆಯಲಿಲ್ಲ. ಅದರ ಬದಲಿಗೆ ಬೇರೆ ಯಾವುದೋ ಪ್ರಶ್ನೆಗೆ ಬಾಯಿಗೆ ಬಂದದ್ದು ಬರೆದು ಬಂದಳು. ಇಬ್ಬರೂ ಪಾಸಾದೆವು. ನನಗೆ ಅವಳಿಗಿಂತ ಹೆಚ್ಚು ಬಂದಿತ್ತು. ಹೇಳಿಕೊಳ್ಳಲು ಖುಷಿಯಾಗಲಿಲ್ಲ.

ಆಂಟಿ ಆ ಸಲ ಚೇತರಿಸಿಕೊಂಡು ಮನೆಗೆ ಬಂದರು. ಮತ್ತೆ ಮಲಗಿದರು, ಮತ್ತೆ ಎದ್ದರು. ಮೇಷ್ಟ್ರು ಹೊಸಕೋಟೆ ಕಡೆಗೆ ವರ್ಗ ಮಾಡಿಸಿಕೊಂಡು ಊರಿಗೇ ಹೋಗಿ ನೆಲೆಸಿದರು. ಒಂಟಿಯಾಗಿ ಬಿಟ್ಟು ಬರಲು ಹೆದರಿಕೆಯಾದ ದಿನ ಹೆಂಡತಿಯನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರಂತೆ. ಅಲ್ಲಿನ ಮಕ್ಕಳು ಮೊದಮೊದಲು ನಕ್ಕು, ಆಮೇಲೆ ಆಕೆಗೆ ಜಾಗ ಹಿಡಿದಿಡುತ್ತಿದ್ದರಂತೆ. ನಾನು ಒಮ್ಮೆ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ಕಂಡೆ. ಕೈಯಲ್ಲಿ ಸೀಬೆಹಣ್ಣಿನ ಚೀಲ. ಬೇಡ ಬೇಡವೆಂದರೂ ಎರಡು ಹಣ್ಣು ಕೊಟ್ಟರು. "ಆಂಟಿ ಹೇಗಿದಾರೆ ಸಾರ್?" ಎಂದೆ. "ಇವತ್ತು ಚೆನ್ನಾಗಿದಾಳೆ," ಎಂದರು. ಇವತ್ತು ಎಂಬ ಮಾತಿಗೆ ಒತ್ತು ಕೊಡಲಿಲ್ಲ. ಬಿಡಲೂ ಇಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು, ಪವಿತ್ರಾ ಅನುಗೊಂಡನಹಳ್ಳಿಗೆ ಹೋದೆವು. ಶಾಮಿಯಾನದ ಕೆಳಗೆ ಫೋಟೋ ಇಟ್ಟು ಹಾರ ಹಾಕಿದ್ದರು. ಊಟಕ್ಕೆ ಎಲೆ ಹಾಕುವ ಗಡಿಬಿಡಿ. ಆಂಟಿ ಒಳಗಿನ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. "ಒಂದ್ ತೊಟ್ಟು ಕಣ್ಣೀರ್ ಹಾಕ್ಲಿಲ್ಲ ನೋಡಿ," ಎಂದು ಒಬ್ಬ ನೆಂಟರಾಕೆ ನಮಗೆ ಹೇಳಿದರು, ಆಂಟಿಗೆ ಕೇಳುವಂತೆಯೇ.

ನಾವು ಹೋಗಿ ಆಂಟಿಯ ಪಕ್ಕದಲ್ಲಿ ಕೂತೆವು. ಗುರುತು ಹಿಡಿದರು. ನನ್ನ ಹೆಸರು ಹೇಳಿದರು, ಪವಿತ್ರಾಳದ್ದನ್ನೂ. ಆಮೇಲೆ ಹಿಂದೆ ಕೈಹಾಕಿ ಒಂದು ಬಿಸ್ಕತ್ ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟರು. ಅದರ ತುಂಬ ಮಾತ್ರೆ.

"ಬೆಳಿಗ್ಗೆ ಯಾವ್ದು, ಸಾಯಂಕಾಲ ಯಾವ್ದು ಅಂತ ಅವ್ರಿಗೇ ಗೊತ್ತಿದ್ದಿದ್ದು. ಅವ್ರು ಬಾಯಿಗೆ ಹಾಕೋರು, ನಾನ್ ನುಂಗೋಳು. ಈಗ ಯಾವ್ದು ತಗೊಳ್ಳಿ?"

"ಅವತ್ತಿಂದ ತಗೊಂಡೇ ಇಲ್ವಾ ಆಂಟಿ?"

"ಯಾರೂ ಕೇಳ್ಲಿಲ್ಲ."

ಹೊರಗೆ ಹೋಗಿ ಮೇಷ್ಟ್ರ ಅಣ್ಣನಿಗೆ ಹೇಳಿದೆವು. ಕೆಟ್ಟವರಲ್ಲ, ತಮ್ಮನನ್ನು ಕಳೆದುಕೊಂಡು ತಾವೇ ಅರ್ಧವಾಗಿದ್ದರು. "ಆಸ್ಪತ್ರೆ ವಿಚಾರ ಎಲ್ಲಾ ಅವನೇ ನೋಡ್ತಿದ್ದ ಕಣಮ್ಮ, ನಮಗೇನೂ ಹೇಳ್ತಿರ್ಲಿಲ್ಲ. ಈ ಗಲಾಟೆ ಎಲ್ಲಾ ಮುಗೀಲಿ, ನೋಡಣ," ಎಂದರು. ಪವಿತ್ರಾಗೆ ಮೊದಲಿನಿಂದಲೂ ಹಟ ಜಾಸ್ತಿ. "ನೀವು ಹೂಂ ಅಂದ್ರೆ ನಾಳೆ ನಾವೇ ಕರ್ಕೊಂಡ್ ಹೋಗ್ತೀವಿ ದೊಡ್ಡಪ್ಪಾ," ಎಂದಳು. ಅವರು ಕೈಮುಗಿದುಬಿಟ್ಟರು.

ಮಾರನೆಯ ದಿನ ಬಾಡಿಗೆ ಕಾರಿನಲ್ಲಿ ಹೋದೆವು. ಡಾಕ್ಟರಿಗೆ ಮೇಷ್ಟ್ರು ತೀರಿಕೊಂಡದ್ದು ತಿಳಿದಿರಲಿಲ್ಲ. ಹೇಳಿದಾಗ ಪೆನ್ನು ಕೆಳಗಿಟ್ಟರು. "ಒಂದು ಸಲಾನೂ ತಪ್ಪಿಸಿದವರಲ್ಲ," ಎಂದರು. "ಬಂದಾಗೆಲ್ಲ ಹೋಗೋವಾಗ ಒಂದೇ ಮಾತು ಕೇಳೋರು, 'ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ ಡಾಕ್ಟ್ರೇ' ಅಂತ. ಇಲ್ಲ ಮೇಷ್ಟ್ರೇ ಅಂದ್ರೆ ನಂಬ್ತಿರ್ಲಿಲ್ಲ." ಆಮೇಲೆ ಮಾತ್ರೆಗಳನ್ನು ಬೇರೆ ಬೇರೆ ಮಾಡಿಸಿ ಕೊಟ್ಟು, "ಇನ್ಮೇಲೆ ಇವರ ಜೊತೆ ಯಾರಿರ್ತಾರೆ?" ಎಂದು ಕೇಳಿದರು. ನಾನು ಪವಿತ್ರಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಅವಳಿಗೆ ಎರಡು ವರ್ಷದ ಮಗು, ನನಗೆ ಮಲಗಿದಲ್ಲೇ ಇರುವ ಅಪ್ಪ. ತಿಂಗಳಿಗೊಮ್ಮೆ ಕರೆತರುತ್ತೇವೆ ಎಂದೆವು. ಅವರು ಕೇಳಿದ್ದು ಅದನ್ನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ವಾಪಸು ಬರುವಾಗ ಹೊಸಕೋಟೆ ಟೋಲಿನ ಹತ್ತಿರ ಲಾರಿಗಳ ಸಾಲಿನಲ್ಲಿ ಕಾರು ನಿಂತಿತು. ಆಂಟಿ ಕಿಟಕಿಯ ಆಚೆ ನೋಡುತ್ತಲೇ ಹೇಳತೊಡಗಿದರು.

"ಅವ್ರಿಗೂ ಕೋಪ ಬರ್ತಿತ್ತು. ನೀವೆಲ್ಲ ದೇವ್ರಂಥೋರು ಅಂತೀರ, ಬರ್ತಿತ್ತು. ಬಂದಾಗ ನನಗೇನೂ ಅಂತಿರ್ಲಿಲ್ಲ. ಎದ್ದೋಗಿ ಪಾತ್ರೆ ತೊಳೆಯೋರು. ದಬದಬ ಅಂತ ಎತ್ತಿ ಹಾಕೋರು. ಒಳಗೆ ಮಲ್ಕೊಂಡಿದ್ರೂ ನಂಗೆ ಗೊತ್ತಾಗ್ತಿತ್ತು, ಇವತ್ತು ನನ್ಮೇಲೆ ಕೋಪ ಬಂದಿದೆ ಅಂತ."

ಪವಿತ್ರಾ ಅವರ ಕೈ ಹಿಡಿದುಕೊಂಡಳು.

"ಈಗ ಮನೆ ತುಂಬ ಜನ. ಎಲ್ರೂ ಪಾಪ ಅಂತಾರೆ, ಮೆಲ್ಲಗೆ ಓಡಾಡ್ತಾರೆ," ಎಂದರು ಆಂಟಿ. "ನನ್ಮೇಲೆ ಕೋಪ ಮಾಡ್ಕೊಳ್ಳೋರು ಒಬ್ರೂ ಇಲ್ಲ."

ಆಗ ಅವರು ಅತ್ತರು. ಮುಂದಿನ ಲಾರಿ ಹೊರಟು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಡ್ರೈವರ್ ನಮ್ಮ ಕಡೆ ತಿರುಗಿ ನೋಡಿ, ಕಾರನ್ನು ಮೆಲ್ಲಗೆ ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದ.